ಮೂರನೇದು ಮಾತಾಡ್ತಿಲ್ಲ

ಉದ್ದ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿನ ಮೇಲೆ, ಹಿಡಿ ಮೇಸ್ತ್ರಿಯ ಕಿವಿಯ ಬುಡಕ್ಕೆ. ಕಣ್ಣು ಮುಚ್ಚಿದ್ದಾನೆ. ಕೊಳ್ಳೇಗಾಲದ ಅಂಚಿನ ಗ್ಯಾರೇಜು. ಮೇಲೆ ಸಿಮೆಂಟ್ ಶೀಟು, ಕೆಳಗೆ ವರ್ಷಗಟ್ಟಲೆ ಆಯಿಲ್ ಕುಡಿದು ಕರಿಗಟ್ಟಿದ ನೆಲ, ಗೋಡೆಗೆ ಮೊಳೆ ಹೊಡೆದು ಸಾಲಾಗಿ ತೂಗುಹಾಕಿದ ಸ್ಪ್ಯಾನರುಗಳು, ಅವುಗಳ ನಡುವೆ ಹುಲಿಯೇರಿದ ಮಾದಪ್ಪನ ಕ್ಯಾಲೆಂಡರು. ಹೊರಗೆ ರಸ್ತೆಯಲ್ಲಿ ಕಬ್ಬು ಹೇರಿದ ಟ್ರಾಕ್ಟರು, ಬೆಂಗಳೂರಿಗೆ ಹೊರಟ ಕೆಂಪು ಬಸ್ಸು, ಶಾಲೆಗೆ ತಡವಾದ ಮಕ್ಕಳ ಆಟೊ. ಇಷ್ಟು ಗದ್ದಲದೊಳಗೆ ಅವನು ಹುಡುಕುತ್ತಿರುವುದು ಟಿಕ್ ಟಿಕ್ ಎಂಬ ಒಂದು ಸಣ್ಣ ಸದ್ದನ್ನು. ಬಾನೆಟ್ಟು ತೆರೆದ ಮಾರುತಿ 800 ನಿಂತಲ್ಲೇ ನಡುಗುತ್ತಿದೆ. ಬಿಳಿಯಾಗಿದ್ದ ಬಣ್ಣ ಬಿಸಿಲಿಗೆ ಹಳದಿಗೆ ತಿರುಗಿದೆ, ನಂಬರ್ ಪ್ಲೇಟಿನಲ್ಲಿ ಕೆಎ 10, ಮುಂದಿನ ಬಂಪರಿಗೆ ನಿಂಬೆಹಣ್ಣು ಮೆಣಸಿನಕಾಯಿ.

ಮೇಸ್ತ್ರಿ ಸ್ಕ್ರೂಡ್ರೈವರನ್ನು ಎರಡು ಬೆರಳಗಲ ಸರಿಸಿದ. ಮತ್ತೆ ಸರಿಸಿದ. ಕಣ್ಣು ಬಿಟ್ಟ.

"ಒಂದ್ನೇದು ಸರಿಯಾಗದೆ. ಎರಡ್ನೇದೂ ಪರ್ವಾಗಿಲ್ಲ. ಮೂರನೇದು ಮಾತಾಡ್ತಿಲ್ಲ ಕನಣ್ಣ."

ಕಾರಿನ ಯಜಮಾನ ಕಾಮಗೆರೆ ಕಡೆಯ ರೇಷ್ಮೆ ಬೆಳೆಗಾರ. ಹಿಪ್ಪುನೇರಳೆ ತೋಟ ಬಿಟ್ಟು ಬಂದ ಅವಸರ ಮುಖದಲ್ಲಿದೆ. "ಮೊನ್ನೆ ಅಮಾಸೆಗೆ ಬೆಟ್ಟಕ್ಕೆ ಹೊಂಟಿದ್ದೊ. ಅರ್ಧ ದಾರಿಲಿ ಜರ್ಕ್ ಹೊಡ್ದು ನಿಂತೋಯ್ತು. ನಮ್ಮವ್ವ ಯಾರೋ ಏನೋ ಮಾಡ್ಸವ್ರೆ ಅಂತ ನಿಂಬೆಹಣ್ಣು ಕಟ್ಸವ್ಳೆ" ಎಂದು ತಾನೇ ನಕ್ಕ. ಕೊಳ್ಳೇಗಾಲ ಎಂದರೆ ಮಾಟ ಎನ್ನುವುದು ರಾಜ್ಯದ ಉಳಿದವರ ಹಳೇ ಚೇಷ್ಟೆ. ಈ ಊರಿನವರು ಅದಕ್ಕೆ ಬೇಸರಪಡುವುದನ್ನೂ ಬಿಟ್ಟಿದ್ದಾರೆ. ಮೇಸ್ತ್ರಿ ಮಾತ್ರ ಗಂಭೀರವಾಗಿಯೇ ಹೇಳಿದ: "ಮಾಟ ಅಲ್ಲ, ಗಮ್ಮು."

ಗಮ್ಮು ಎಂದರೆ ಅಂಟು. ಅದು ಎಲ್ಲಿ ಕೂತಿದೆ ಎಂದು ತಿಳಿಯಲು ಸಿಲಿಂಡರಿಗೆ ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರಿನ ಒಳಹೊಕ್ಕು ನೋಡಬೇಕು. ಹೆಬ್ಬೆರಳಿನಷ್ಟು ದಪ್ಪದ, ಪ್ಲಾಸ್ಟಿಕ್ಕೂ ಉಕ್ಕೂ ಸೇರಿದ ತುಂಡು ಅದು. ಒಳಗೆ ತಾಮ್ರದ ತಂತಿಯ ಸುರುಳಿ, ಒಂದು ಸ್ಪ್ರಿಂಗು, ಒಂದು ಸೂಜಿ. ಕರೆಂಟು ಬಂದಾಗ ಸುರುಳಿ ಅಯಸ್ಕಾಂತವಾಗಿ ಸೂಜಿಯನ್ನು ಮೇಲಕ್ಕೆ ಸೆಳೆಯುತ್ತದೆ, ಕರೆಂಟು ಹೋದಾಗ ಸ್ಪ್ರಿಂಗು ಅದನ್ನು ಮತ್ತೆ ಕೆಳಗೆ ಕೂರಿಸುತ್ತದೆ. ಸೂಜಿ ಮೇಲೇಳುವ ದೂರ ಮಿಲಿಮೀಟರಿನ ಹತ್ತನೇ ಒಂದು ಭಾಗವೂ ಇಲ್ಲ. ಎಂಜಿನ್ನು ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಒಂದೊಂದು ಇಂಜೆಕ್ಟರೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಗಾಡಿ ನಿಂತಲ್ಲೇ ಸ್ಲೋದಲ್ಲಿ ಓಡುವಾಗ ಒಂದು ಸಲಕ್ಕೆ ಅದು ತೆರೆದಿರುವ ಹೊತ್ತು, ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಎರಡು ಮೂರು ಪಾಲು. ಅಷ್ಟರಲ್ಲಿ ಹಿಂದಿನಿಂದ ಸುಮಾರು 3 ಬಾರ್ ಒತ್ತಡದಲ್ಲಿ, ಅಂದರೆ ಟೈರಿನ ಗಾಳಿಗಿಂತ ಹೆಚ್ಚಿನ ಒತ್ತಡದಲ್ಲಿ ಕಾದಿರುವ ಪೆಟ್ರೋಲು ತುದಿಯ ಸೂಕ್ಷ್ಮ ರಂಧ್ರದಿಂದ ಚಿಮ್ಮಿ ಬರಬೇಕು. ಬರೀ ಬಂದರೆ ಸಾಲದು. ಇಸ್ತ್ರಿ ಅಂಗಡಿಯವನು ಬಾಯಿ ತುಂಬ ನೀರು ತುಂಬಿಕೊಂಡು ಬಟ್ಟೆಯ ಮೇಲೆ ಫೂ ಎಂದು ಎರಚುತ್ತಿದ್ದನಲ್ಲ, ಆ ನವುರಿನಲ್ಲಿ ಬರಬೇಕು. ಹನಿಯಾಗಿ ಬಿದ್ದ ಪೆಟ್ರೋಲು ಅರೆಬರೆ ಉರಿದು ಹೊಗೆಯಾಗುತ್ತದೆ, ತುಂತುರಾದದ್ದು ಗಾಳಿಯೊಡನೆ ಬೆರೆತು ಪೂರ್ತಿ ಉರಿಯುತ್ತದೆ.

800ಕ್ಕೆ ಮೂರೇ ಸಿಲಿಂಡರು. ಮೂರರಲ್ಲಿ ಒಂದು ಕೈಕೊಟ್ಟರೆ ಮೂರನೇ ಒಂದು ಭಾಗ ಶಕ್ತಿಯೇ ಹೋಯಿತು. ನಡುಕ ಬಾರದೆ ಇನ್ನೇನು?

ಆದರೆ ಸದ್ದಿಲ್ಲ ಎಂದ ಮಾತ್ರಕ್ಕೆ ಇಂಜೆಕ್ಟರನ್ನು ಕಿತ್ತು ಬಿಸಾಡುವ ಮೇಸ್ತ್ರಿ ಇವನಲ್ಲ. ಎಂಜಿನ್ ಓಡುತ್ತಿರುವಾಗಲೇ ಒಂದನೆಯದರ ಕಪ್ಲರ್ ಕಿತ್ತ. ಗಾಡಿ ಇನ್ನಷ್ಟು ಒದರಾಡಿ ಆರಿಹೋಗುವ ಹಾಗಾಯಿತು. ತಕ್ಷಣ ಹಾಕಿದ. ಎರಡನೆಯದಕ್ಕೂ ಅದೇ. ಮೂರನೆಯದನ್ನು ಕಿತ್ತಾಗ ಏನೂ ವ್ಯತ್ಯಾಸವಿಲ್ಲ. ಇದ್ದ ನಡುಕವೇ ಇದೆ. "ನೋಡಿ, ಇದ್ರೂ ಒಂದೇ, ಇಲ್ದಿದ್ರೂ ಒಂದೇ." ಆಮೇಲೆ ಪ್ಲಗ್ ಬಿಚ್ಚಿದ, ಪಕ್ಕದ ಸಿಲಿಂಡರಿನದರ ಜೊತೆ ಅದಲು ಬದಲು ಮಾಡಿದ. ರೋಗ ಪ್ಲಗ್ಗಿನ ಜೊತೆ ಹೋಗಲಿಲ್ಲ. ತಾನೇ ಕಟ್ಟಿಕೊಂಡ ಪುಟ್ಟ ಎಲ್ಇಡಿ ದೀಪವನ್ನು ಕಪ್ಲರಿಗೆ ಸಿಕ್ಕಿಸಿ ಹುಡುಗನಿಗೆ "ಸೆಲ್ಫ್ ಹೊಡಿಲಾ" ಎಂದ. ದೀಪ ಮಿಣುಕಿತು. ಅಂದರೆ ಕಂಪ್ಯೂಟರಿನಿಂದ ಅಪ್ಪಣೆ ಬರುತ್ತಿದೆ, ವೈರಿಂಗ್ ಸರಿಯಿದೆ. ಮಲ್ಟಿಮೀಟರಿನ ಎರಡು ಮೊನೆ ಇಂಜೆಕ್ಟರಿನ ಎರಡು ಕಾಲಿಗೆ. 13 ಓಮ್ ಚಿಲ್ಲರೆ. ಈ ಬಗೆಯ ಇಂಜೆಕ್ಟರಿಗೆ ಸಾಮಾನ್ಯವಾಗಿ 11ರಿಂದ 16ರೊಳಗಿದ್ದರೆ ಸುರುಳಿ ಚೆನ್ನಾಗಿದೆ ಎಂದೇ ಅರ್ಥ. ಅಪ್ಪಣೆ ಬರುತ್ತಿದೆ, ಸುರುಳಿ ಸೆಳೆಯುತ್ತಿದೆ, ಸೂಜಿ ಮಾತ್ರ ಏಳುತ್ತಿಲ್ಲ. ಅಂಟಿಕೊಂಡಿದೆ.

ಇಷ್ಟನ್ನು ಕಂಡುಹಿಡಿಯಲು ಅವನ ಗ್ಯಾರೇಜಿನಲ್ಲಿದ್ದ ಸ್ಕ್ಯಾನರ್ ಯಂತ್ರ ಪೆಟ್ಟಿಗೆಯಿಂದ ಹೊರಗೆ ಬರಲೇ ಇಲ್ಲ. ಬಂದಿದ್ದರೂ ಹೆಚ್ಚೇನೂ ಹೇಳುತ್ತಿರಲಿಲ್ಲ. ಎಲ್ಲ ಕಂಪನಿಗಳ ಗಾಡಿಗೂ ಹೊಂದುವ ಸ್ಕ್ಯಾನಿಂಗ್ ಸಾಕೆಟ್ ನಮ್ಮಲ್ಲಿ ಕಡ್ಡಾಯವಾಗುವ ಮೊದಲಿನ ಗಾಡಿ ಇದು. ಇದರಲ್ಲಿ ಡ್ಯಾಶ್‌ಬೋರ್ಡಿನ ಕೆಳಗಿನ ಕಪ್ಲರಿನಲ್ಲಿ ಒಂದು ತುಂಡು ತಂತಿ ಸಿಕ್ಕಿಸಿದರೆ ಚೆಕ್ ಎಂಜಿನ್ ದೀಪ ತಾನಾಗಿ ಮಿಟುಕುತ್ತದೆ. ಮೊದಲು ಒಂದು, ಬಿಟ್ಟು ಎರಡು. 12 ಎಂದರೆ ಎಲ್ಲ ಕ್ಷೇಮ. ಕಂಪ್ಯೂಟರಿನ ಮಟ್ಟಿಗೆ ಎಲ್ಲ ಕ್ಷೇಮವೇ, ಅದು ಅಪ್ಪಣೆ ಕೊಟ್ಟಾಗಿದೆ. ಪಾಲಿಸಿದರೋ ಇಲ್ಲವೋ ಎಂದು ವಿಚಾರಿಸುವ ವ್ಯವಸ್ಥೆ ಅದಕ್ಕಿಲ್ಲ. (ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.)

ಈ ಮೇಸ್ತ್ರಿ ಕಾರ್ಬುರೇಟರ್ ಕಾಲದವನು. ಮಾರುತಿ 800 ರಸ್ತೆಗಿಳಿದದ್ದು 1983ರ ಡಿಸೆಂಬರಿನಲ್ಲಿ, ಕಾರ್ಬುರೇಟರ್ ಹೊತ್ತು. ಸ್ಕ್ರೂ ಒಂದು ಸುತ್ತು ಆಚೆ, ಅರ್ಧ ಸುತ್ತು ಈಚೆ, ಕಿವಿ ಒಪ್ಪಿದರೆ ಟ್ಯೂನಿಂಗ್ ಮುಗಿಯಿತು. 1999ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ದೆಹಲಿಯ ಹೊಗೆಯ ವಿಚಾರಣೆಯಲ್ಲಿ ಹೊಸ ಕಾರುಗಳಿಗೆ ಯೂರೋ ಮಿತಿಯನ್ನು ವಿಧಿಸಿತು. ಮರುವರ್ಷ 800ಕ್ಕೂ ಸಿಲಿಂಡರಿಗೊಂದು ಇಂಜೆಕ್ಟರಿರುವ ಎಂಪಿಎಫ್‌ಐ ಬಂತು, ಆಲ್ಟೊ ಬಂತು. 1998ರ ಸ್ಯಾಂಟ್ರೊ ಹುಟ್ಟುವಾಗಲೇ ಎಂಪಿಎಫ್‌ಐ ಆಗಿತ್ತು. 2005ರಲ್ಲಿ ಭಾರತ್ ಸ್ಟೇಜ್ 2 ದೇಶಕ್ಕೆಲ್ಲ ಅನ್ವಯವಾದ ಮೇಲೆ ಹೊಸ ಕಾರಿನಲ್ಲಿ ಕಾರ್ಬುರೇಟರಿನ ಋಣ ತೀರಿತು. ದೆಹಲಿಯ ಹೊಗೆಗೆ ಕೊಟ್ಟ ಔಷಧಿ ಕೊಳ್ಳೇಗಾಲದ ಮೇಸ್ತ್ರಿಯ ಕೈಯಿಂದ ಸ್ಕ್ರೂಡ್ರೈವರ್ ಕಸಿಯಿತು. "ಕಂಪ್ಯೂಟರ್ ಗಾಡಿ, ಮುಟ್ಬ್ಯಾಡ ಅಂತಿದ್ರು. ಎರಡು ವರ್ಸ ಮುಟ್ನಿಲ್ಲ ನಾನು. ಆಮೇಲೆ ನೋಡುದ್ರೆ, ಕಂಪ್ಯೂಟ್ರೂ ಕೆಟ್ಟೋಗದು ಕಮ್ಮಿಯೇ. ಕೆಡದು ಹಳೇವೆ. ಕಸ, ನೀರು, ತುಕ್ಕು, ರಬ್ಬರು."

ಡೀಸೆಲ್ ನಾಜಲ್ ಗೊತ್ತಿದ್ದುದರಿಂದ ಧೈರ್ಯ ಬಂತಂತೆ. ಲಾರಿ, ಟ್ರಾಕ್ಟರುಗಳ ನಾಜಲ್ ಬಿಚ್ಚಿ, ಕೈಪಂಪಿನ ಟೆಸ್ಟರಿಗೆ ಹಾಕಿ ತುಂತುರು ನೋಡುವ ಕೆಲಸ ಈ ಭಾಗದ ಮೇಸ್ತ್ರಿಗಳಿಗೆ ಹೊಸದಲ್ಲ. 1951ರಲ್ಲಿ ಹುಟ್ಟಿದ ಮೈಕೋ ಕಂಪನಿ ಬೆಂಗಳೂರಿನ ಆಡುಗೋಡಿಯಲ್ಲಿ ಡೀಸೆಲ್ ಪಂಪು, ನಾಜಲ್, ಸ್ಪಾರ್ಕ್ ಪ್ಲಗ್ ಮಾಡತೊಡಗಿದ ಮೇಲೆ ಆ ಹೆಸರು ಎಷ್ಟು ಬೇರೂರಿತೆಂದರೆ, 2008ರಲ್ಲಿ ಕಂಪನಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಹಳೇ ಕೈಗಳು ಇನ್ನೂ ಮೈಕೋ ಎಂದೇ ಕೇಳುತ್ತವೆ.

ಇನ್ನು ಬಿಚ್ಚುವ ಕೆಲಸ. ಮೊದಲು ಲೈನಿನ ಪ್ರೆಶರ್ ಇಳಿಸಬೇಕು. ಪೆಟ್ರೋಲ್ ಪಂಪಿನ ರಿಲೇ ಕಿತ್ತು ಗಾಡಿ ಸ್ಟಾರ್ಟ್ ಮಾಡಿದರೆ ಪೈಪಿನಲ್ಲಿ ಉಳಿದದ್ದನ್ನು ಕುಡಿದು ತಾನೇ ಆರುತ್ತದೆ. ಮತ್ತೆರಡು ಸಲ ಸೆಲ್ಫ್. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ ಬದಿಗೆ. ಮೂಲೆಯಲ್ಲಿ ಬೀಡಿ ಹಚ್ಚಲು ಹೊರಟಿದ್ದ ಟಿಂಕರಿಂಗ್‌ನವನಿಗೆ ಹುಡುಗ ಬರೀ ಕಣ್ಣಲ್ಲೇ ಬೈದ. ಅವನು ರಸ್ತೆಯಾಚೆ ಹೋದ. ಇಂಜೆಕ್ಟರುಗಳ ಬುಡದ ಧೂಳನ್ನು ಗಾಳಿ ಹೊಡೆದು ತೆಗೆದರು. ಇಲ್ಲವಾದರೆ ಬಿಚ್ಚಿದ ಕ್ಷಣ ಆ ಮಣ್ಣು ಸೀದಾ ವಾಲ್ವಿನ ಮೇಲೆ ಬೀಳುತ್ತದೆ. ಆಮೇಲೆ ಮೂರೂ ಇಂಜೆಕ್ಟರಿಗೆ ಪೆಟ್ರೋಲ್ ಹಂಚುವ ಕೊಳವೆ. ಅದನ್ನು ಇವರು ರೈಲು ಎನ್ನುತ್ತಾರೆ. ಕೊಳ್ಳೇಗಾಲಕ್ಕೆ ಇಷ್ಟು ವರ್ಷ ಕೇಳಿದರೂ ಬಂದಿಲ್ಲದ ರೈಲು ಬಾನೆಟ್ಟಿನೊಳಗೆ ಎಂದೋ ಬಂದು ಕೂತಿದೆ. ಬೋಲ್ಟು ಸಡಿಲಿಸಿ, ಎಡಬಲ ಅಲ್ಲಾಡಿಸಿ, ನೇರ ಮೇಲಕ್ಕೆ ಎತ್ತಿದಾಗ ಮೂರೂ ಅದಕ್ಕೆ ಜೋತು ಬಂದವು. ಕೆಳಗೆ ತೆರೆದ ಮೂರು ತೂತುಗಳಿಗೆ ಹುಡುಗ ಬಟ್ಟೆ ತುರುಕಿದ.

ಮೂರನೆಯದರ ತುದಿ ಕಪ್ಪು. ಉಗುರಿನಿಂದ ಕೆರೆದರೆ ಅರಗಿನ ಹೊಳಪು. ಹಿಂಬದಿಯ ಜಾಲರಿ ಬುಟ್ಟಿಯಲ್ಲಿ ತುಕ್ಕಿನ ಕೆಂಪು ಹಿಟ್ಟು. ಪೆಟ್ರೋಲ್ ಟ್ಯಾಂಕಿನ ತಳದಿಂದ ಹೊರಟು, ಪಂಪಿನ ಬಲೆ ದಾಟಿ, ಫಿಲ್ಟರ್ ದಾಟಿ ಇಲ್ಲಿಯವರೆಗೆ ಬಂದ ತುಕ್ಕು. "ಫಿಲ್ಟರ್ ಯಾವಾಗ ಬದ್ಲಾಯ್ಸಿದ್ರಣ್ಣ?" ಯಜಮಾನ ಸೀಲಿಂಗ್ ಶೀಟು ನೋಡಿದ.

ಗಾಡಿ ಎಷ್ಟು ಓಡುತ್ತದೆ ಎಂದರೆ, ಓಡುವುದೇ ಕಡಿಮೆ. ದಿನದ ಓಡಾಟಕ್ಕೆ ಬೈಕು, ಗೂಡು ಸಾಗಿಸಲು ಗೂಡ್ಸ್ ಆಟೊ. ಕಾರಿರುವುದು ಮದುವೆಗೆ, ಆಸ್ಪತ್ರೆಗೆ, ಬೆಟ್ಟಕ್ಕೆ. ಮಳೆಗಾಲವಿಡೀ ಟಾರ್ಪಾಲಿನ ಕೆಳಗೆ. ಈ ಸೀಮೆಯ ಹಳೇ ಕಾರುಗಳ ಬಗ್ಗೆ ನನಗೆ ಕಂಡದ್ದು ಇಷ್ಟೇ: ಅವು ಓಡಿ ಸವೆಯುವುದಕ್ಕಿಂತ ನಿಂತು ಕೆಡುವುದೇ ಹೆಚ್ಚು. ನಿಂತ ಪೆಟ್ರೋಲು ಗಾಳಿಯ ಆಮ್ಲಜನಕದೊಡನೆ ಸೇರಿ ಮೆಲ್ಲಗೆ ಅಂಟಾಗುತ್ತದೆ. ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಯಲ್ಲಿ ರಾತ್ರಿಯ ತಂಪಿಗೆ ನೀರು ಹನಿಗಟ್ಟಿ ತುಕ್ಕು ಹಿಡಿಸುತ್ತದೆ. ಅಷ್ಟಿಷ್ಟು ದೂರ ಹೋಗಿ ಬಂದು ಆರಿಸಿದರೆ ಇನ್ನೊಂದು ಕಾಟ. ಎಂಜಿನ್ ನಿಂತ ಮೇಲೂ ಅದರ ಬಿಸಿ ಸ್ವಲ್ಪ ಹೊತ್ತು ಮೇಲೇರುತ್ತಲೇ ಇರುತ್ತದೆ, ಇಂಜೆಕ್ಟರಿನ ತುದಿಯಲ್ಲಿ ಉಳಿದ ಹನಿ ಬೆಂದು ಪದರಗಟ್ಟುತ್ತದೆ. ದೂರ ಓಡುವ ಟ್ಯಾಕ್ಸಿಯ ಇಂಜೆಕ್ಟರು ಲಕ್ಷ ಕಿಲೋಮೀಟರ್ ದಾಟಿಯೂ ಚೊಕ್ಕವಾಗಿರುವುದುಂಟು. ಮನೆಮುಂದೆ ಪೂಜೆ ಮಾಡಿಸಿಕೊಂಡು ನಿಂತದ್ದಕ್ಕೇ ಈ ಗತಿ.

ಇಂಜೆಕ್ಟರ್ ತೊಳೆಯುವ ಯಂತ್ರ ಎಲ್ಲ ಗ್ಯಾರೇಜಿನಲ್ಲೂ ಇರುವುದಿಲ್ಲ. ಇಲ್ಲದವರು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮೈಸೂರಿಗೆ ಕಳಿಸುತ್ತಾರೆ. ಅಲ್ಲಿ ಅವನ್ನು ದ್ರಾವಣದ ತೊಟ್ಟಿಯಲ್ಲಿಟ್ಟು, ಕಿವಿಗೆ ಕೇಳಿಸದ ಸದ್ದಿನ ಅಲೆಯಿಂದ ಕೊಳೆ ಉದುರಿಸುತ್ತಾರೆ. ಆಮೇಲೆ ಗಾಜಿನ ಕೊಳವೆಗಳ ಮೇಲೆ ಸಾಲಾಗಿ ನಿಲ್ಲಿಸಿ ಓಡಿಸಿದರೆ ಯಾವುದು ಎಷ್ಟು ಸುರಿಸಿತು, ತುಂತುರು ನೆಟ್ಟಗಿದೆಯೇ ಓರೆಯೇ, ಮುಚ್ಚಿದ ಮೇಲೂ ತೊಟ್ಟಿಕ್ಕುತ್ತದೆಯೇ ಎಂಬುದೆಲ್ಲ ಕಣ್ಣಿಗೇ ಕಾಣುತ್ತದೆ. ಈ ಯಂತ್ರವಿಲ್ಲದೆ ಬ್ಯಾಟರಿಯ 12 ವೋಲ್ಟನ್ನು ನೇರ ಕೊಟ್ಟು, ಸ್ಪ್ರೇ ಡಬ್ಬಿ ಊದಿ ತೊಳೆಯುವವರೂ ಇದ್ದಾರೆ. ತಂತಿಯನ್ನು ಮುಟ್ಟಿಸಿ ಬಿಡಬೇಕು. ಹಿಡಿದೇ ಇದ್ದರೆ ಸುರುಳಿ ಸುಡುತ್ತದೆ. ಆ ಜುಗಾಡಿನಿಂದ ಸತ್ತ ಇಂಜೆಕ್ಟರುಗಳು ಮೇಸ್ತ್ರಿಯ ತಗಡಿನ ಡಬ್ಬದಲ್ಲಿ ಒಂದು ಹಿಡಿ ಇದ್ದವು. "ಇವೆಲ್ಲ ಬೇರೆ ಕಡೆ ರಿಪೇರಿ ಆದವು" ಎಂದು ಮುಗುಮ್ಮಾಗಿ ಹೇಳಿದ.

ಹನೂರಿನ ಗ್ಯಾರೇಜುಗಳ ಪಂಚಾಂಗವೇ ಬೇರೆ. ಅಲ್ಲಿ ವಾರದ ಲೆಕ್ಕವಿಲ್ಲ, ಅಮಾವಾಸ್ಯೆಯ ಲೆಕ್ಕ. ಕೊಳ್ಳೇಗಾಲದಿಂದ ಮಧುವನಹಳ್ಳಿ, ಕಾಮಗೆರೆ ದಾಟಿ ಹನೂರು, ಅಲ್ಲಿಂದ ಕೌದಳ್ಳಿ, ತಾಳಬೆಟ್ಟ. ಆಮೇಲೆ ಮಲೆ ಮಹದೇಶ್ವರ ಬೆಟ್ಟದ ತಿರುವುಗಳು. ಪ್ರತಿ ಅಮಾವಾಸ್ಯೆಗೂ ಜನ ಏರುತ್ತಾರೆ. ಶಿವರಾತ್ರಿ, ಯುಗಾದಿ, ಮಹಾಲಯ, ದೀಪಾವಳಿಗಳಲ್ಲಿ ರಸ್ತೆಯೇ ಕಾಣುವುದಿಲ್ಲ. ಮಾದಪ್ಪ ಹುಲಿಯೇರಿ ಮಲೆ ತಿರುಗಿದವನು. ಅವನ ಪರ್ಸೆಗೆ ಹೊರಟ ಒಕ್ಕಲು ಮಾರುತಿಯೇರಿದೆ. ಮುಂದೆ ಇಬ್ಬರು, ಮಧ್ಯೆ ಒಂದು ಮಗು, ಹಿಂದೆ ನಾಲ್ವರು, ಅವರ ತೊಡೆಯ ಮೇಲೆ ಇಬ್ಬರು, ಡಿಕ್ಕಿಯಲ್ಲಿ ಅಕ್ಕಿ, ತಪ್ಪಲೆ, ಸೌದೆ ಸಿಗದಿದ್ದರೆಂದು ಗ್ಯಾಸಿನ ಸಣ್ಣ ಒಲೆ. 796 ಸಿಸಿಯ ಎಂಜಿನ್ನಿಗೆ ಇಷ್ಟು ಹೊರೆ ಹೊರಿಸಿ ಸುಮಾರು 3,000 ಅಡಿಯ ಬೆಟ್ಟಕ್ಕೆ ಅಟ್ಟುತ್ತಾರೆ. ಚಿಂತೆಯಿಲ್ಲ, "ಉಘೇ ಮಾದಪ್ಪ" ಎಂದರಾಯಿತು.

ಬಯಲಿನಲ್ಲಿ ಮುಚ್ಚಿಟ್ಟುಕೊಂಡ ರೋಗ ಏರಿನಲ್ಲಿ ಬಯಲಾಗುತ್ತದೆ. ಅರೆ ಮುಚ್ಚಿದ ಇಂಜೆಕ್ಟರು ಸಮತಟ್ಟು ರಸ್ತೆಯಲ್ಲಿ ಹೇಗೋ ದಿನ ತಳ್ಳುತ್ತದೆ, ಆಗ ಬೇಕಾದ ಪೆಟ್ರೋಲೇ ಕಡಿಮೆ. ಏರಿನಲ್ಲಿ ಆಕ್ಸಲರೇಟರ್ ತಳಕ್ಕೆ ಒತ್ತಿದಾಗ ಕಂಪ್ಯೂಟರು ಇಂಜೆಕ್ಟರನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ, ಆದರೂ ರಂಧ್ರ ಕಿರಿದಾದ್ದರಿಂದ ಸಾಕಷ್ಟು ಬರುವುದಿಲ್ಲ. ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ. ಆ ಸಿಲಿಂಡರು ಬಿಸಿಯೇರಿ ಕಟಕಟ ಎನ್ನುತ್ತದೆ, ಜರ್ಕ್ ಹೊಡೆಯುತ್ತದೆ. ಹಿಂದಿನ ಬಸ್ಸು ಹಾರ್ನ್ ಹೊಡೆಯುತ್ತದೆ. ಹೆಂಗಸರು ಇಳಿಯುತ್ತಾರೆ, ಮಕ್ಕಳು ಇಳಿಯುತ್ತಾರೆ, ಚಕ್ರಕ್ಕೆ ಕಲ್ಲು ಕೊಡುತ್ತಾರೆ. ಹಳೇ ಕಾರ್ಬುರೇಟರ್ ಗಾಡಿಯಲ್ಲಿ ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ ಪೆಟ್ರೋಲು ಹೆಚ್ಚಾಗಿ ಕರಿಹೊಗೆ ಬರುತ್ತಿತ್ತು. ಈಗಿನದರಲ್ಲಿ ಗಾಳಿಯ ಒತ್ತಡ ಅಳೆಯುವ ಸೆನ್ಸರಿದೆ, ಬೆಟ್ಟ ಏರಿದಂತೆ ಲೆಕ್ಕ ಸರಿಪಡಿಸಿಕೊಳ್ಳುತ್ತದೆ. ಲೆಕ್ಕ ಎಷ್ಟೇ ಸರಿಯಾಗಿದ್ದರೂ ಕೊಡುವ ಕೈ ಕಟ್ಟಿದ್ದರೆ ಏನು ಮಾಡೀತು?

ಅಮಾವಾಸ್ಯೆಯ ಹಿಂದಿನ ದಿನ ಹನೂರಿನ ರಸ್ತೆ ಬದಿಯ ಗ್ಯಾರೇಜಿನಲ್ಲಿ ಸ್ಟೂಲು ಖಾಲಿ ಇರಲಿಲ್ಲ. ಅಲ್ಲಿನ ಮೇಸ್ತ್ರಿ ಎಳೆಯ, ಇಪ್ಪತ್ತೈದರೊಳಗಿನವನು, ಮೊಬೈಲನ್ನು ಭುಜ ಕಿವಿಗಳ ನಡುವೆ ಸಿಕ್ಕಿಸಿಕೊಂಡೇ ಕೆಲಸ ಮಾಡುವವನು. ಒಂದು ಆಲ್ಟೊ ಬಂತು. "ಇಂಜೆಕ್ಟರ್ ಹೋಗಿದೆಯಂತೆ, ಚೇಂಜ್ ಮಾಡಿ" ಎಂದರು ಮಂಡ್ಯ ಕಡೆಯ ಹಿರಿಯರೊಬ್ಬರು. ಯಾರು ಹೇಳಿದರು? ದಾರಿಯಲ್ಲಿ ಟೀ ಅಂಗಡಿಯವನು. ಎಳೆಯ ಮೇಸ್ತ್ರಿ ಇಂಜೆಕ್ಟರಿನ ಕಡೆ ತಿರುಗಿಯೂ ನೋಡದೆ ಏರ್ ಫಿಲ್ಟರಿನ ಡಬ್ಬಿ ತೆರೆದ. ಒಳಗೆ ಇಲಿ ಕಟ್ಟಿದ್ದ ಗೂಡು, ಭತ್ತದ ಹೊಟ್ಟು, ಒಂದು ಪ್ರಸಾದದ ಪೊಟ್ಟಣದ ಚೂರು. ಅದನ್ನು ತೆಗೆದು, ಥ್ರಾಟಲ್ ಬಾಡಿಯ ಕರಿ ಒರೆಸಿ, ಗಟ್ಟಿಯಾಗಿ ಸೀಳಿದ್ದ ಒಂದು ವ್ಯಾಕ್ಯೂಮ್ ಪೈಪಿನ ತುದಿ ಕತ್ತರಿಸಿ ಮತ್ತೆ ಸಿಕ್ಕಿಸಿದ. ಗಾಡಿ ಹದಕ್ಕೆ ಬಂತು. ಹಿರಿಯರಿಗೆ ತೃಪ್ತಿಯಾಗಲಿಲ್ಲ. ಇಷ್ಟು ಕಡಿಮೆ ದುಡ್ಡಿಗೆ ರಿಪೇರಿ ಮುಗಿದರೆ ನಂಬಿಕೆ ಬಾರದ ಜಾತಿ ಒಂದಿದೆ. ಹೋಗುವ ಮುನ್ನ ಅವರು ಶೆಲ್ಫಿನಲ್ಲಿದ್ದ ಇಂಜೆಕ್ಟರ್ ಕ್ಲೀನರ್ ಬಾಟಲಿಯೊಂದನ್ನು ಕೊಂಡು ಟ್ಯಾಂಕಿಗೆ ಸುರಿಸಿಕೊಂಡೇ ಹೋದರು. ಆ ಬಾಟಲಿಯಿಂದ ಹಾನಿಯಿಲ್ಲ. ಈಗಷ್ಟೇ ಕೂರತೊಡಗಿದ ತೆಳು ಪದರವನ್ನು ಕರಗಿಸಲೂಬಹುದು. ಸೂಜಿಯೇ ಕಚ್ಚಿಕೊಂಡಿರುವಲ್ಲಿ, ಔಷಧಿ ಹರಿದು ಹೋಗಲು ದಾರಿಯೇ ಇಲ್ಲದಲ್ಲಿ, ಅದು ತೀರ್ಥಕ್ಕೆ ಸಮ.

ಹನೂರಿನಿಂದಾಚೆ ಬಂಕುಗಳು ವಿರಳ. ಪೆಟ್ಟಿಗೆ ಅಂಗಡಿಗಳ ಮುಂದೆ ನೀರಿನ ಬಾಟಲಿಯಲ್ಲಿ ಪೆಟ್ರೋಲು ಕೂತಿರುತ್ತದೆ. ಬಿಸಿಲಿಗೆ ಬಣ್ಣ ಕಳೆದುಕೊಂಡು, ಮುಚ್ಚಳದ ಸಂದಿನಿಂದ ಧೂಳು ಕುಡಿದು, ಒಮ್ಮೊಮ್ಮೆ ಸೀಮೆಎಣ್ಣೆಯ ವಾಸನೆ ಹೊತ್ತು. ಬೈಕಿನ ಕಾರ್ಬುರೇಟರು ಅದನ್ನು ಹೇಗೋ ನುಂಗಿಕೊಂಡೀತು. ಇಂಜೆಕ್ಟರಿಗೆ ಆ ಸಹನೆಯಿಲ್ಲ. ರಿಸರ್ವಿನಲ್ಲೇ ಓಡಿಸುವ ಚಾಳಿ ಅದಕ್ಕೆ ಜೊತೆಯಾದರೆ ಇನ್ನೂ ಕೇಡು. ಈ ಕಾರುಗಳ ಪಂಪು ಟ್ಯಾಂಕಿನೊಳಗೇ ಮುಳುಗಿ ಕೂತಿದೆ, ಪೆಟ್ರೋಲೇ ಅದಕ್ಕೆ ತಂಪು. ಮಟ್ಟ ತಳ ಕಂಡಾಗ ಪಂಪೂ ಕಾಯುತ್ತದೆ, ತಳದ ಕಸವೂ ಮೇಲೇಳುತ್ತದೆ. ನೂರಿನ್ನೂರು ರೂಪಾಯಿಯ ಪೆಟ್ರೋಲು ಹಾಕಿಸುವುದು ಬಡತನದ ಲೆಕ್ಕ, ಅದನ್ನು ಆಡಿಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಆದರೆ ಆ ಲೆಕ್ಕವನ್ನು ಕೊನೆಗೆ ಪಂಪಿನ ಬಿಲ್ಲಿನಲ್ಲಿ ತೀರಿಸಬೇಕಾಗುವುದೂ ಅದೇ ಬಡತನ.

ಕಬ್ಬಿಣವನ್ನು ಪಳಗಿಸುವುದು ಈ ನೆಲಕ್ಕೆ ಹಳೇ ವಿದ್ಯೆ. ಮಂಟೇಸ್ವಾಮಿಯ ಕಥೆಯನ್ನು ಹಾಡುವ ನೀಲಗಾರರನ್ನು ಕೇಳಿದರೆ ಗೊತ್ತು: ಕಮ್ಮಾರರ ಮನೆಯ ಕೆಂಪಾಚಾರಿ ಸಿದ್ದಪ್ಪಾಜಿಯಾಗಿ, ಗುರುವಿನ ಮಾತಿಗೆ ಹಲಗೂರಿನ ಪಾಂಚಾಳರಲ್ಲಿಗೆ ಕಬ್ಬಿಣದ ಭಿಕ್ಷೆಗೆ ಹೋಗುತ್ತಾನೆ. ಕಬ್ಬಿಣವೇ ಇಲ್ಲ ಎಂದ ಪಾಂಚಾಳರ ಪಾಡು ಏನಾಯಿತೆಂಬುದೇ ಕಥೆ. ಅವನ ಚಿಕ್ಕಲ್ಲೂರು ಜಾತ್ರೆ ಜನವರಿಯ ಹುಣ್ಣಿಮೆಗೆ ಶುರುವಾಗಿ ಐದು ದಿನ. ಆಗಲೂ ಇದೇ ಗ್ಯಾರೇಜುಗಳಿಗೆ ಪುರುಸೊತ್ತಿಲ್ಲ. ಬಿಡಿಭಾಗ ಸಿಗದೆ ನಿಂತ ಗಾಡಿಯ ಮುಂದೆ "ಸ್ಟಾಕಿಲ್ಲ ಸಾರ್" ಎನ್ನುವ ಅಂಗಡಿಯವನನ್ನು ನೋಡುವಾಗಲೆಲ್ಲ ನನಗೆ ಹಲಗೂರು ನೆನಪಾಗುತ್ತದೆ.

ಯಳಂದೂರಿನಲ್ಲಿ ಗದ್ದಲ ಕಡಿಮೆ. ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಸಂದ ಊರು, ಈಗಲೂ ಅದರ ನಡಿಗೆಯಲ್ಲಿ ಆ ನಿಧಾನವಿದೆ. ಭತ್ತದ ಗದ್ದೆ, ಸುವರ್ಣಾವತಿಯ ನೀರು, ದೂರದಲ್ಲಿ ಬಿಳಿಗಿರಿರಂಗನ ಬೆಟ್ಟದ ನೀಲಿ. ಅಲ್ಲಿನ ಗ್ಯಾರೇಜಿಗೆ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಹಳೇ 800 ತಂದಿದ್ದರು. ಜೊತೆಗೆ ಒಂದು ನೋಟ್‌ಬುಕ್ಕು. ಕಾರು ಕೊಂಡ ದಿನದಿಂದ ಪ್ರತಿ ಸಲ ಹಾಕಿಸಿದ ಪೆಟ್ರೋಲು, ಓಡಿದ ದೂರ, ಭಾಗಾಕಾರ, ಕೆಂಪು ಶಾಯಿಯಲ್ಲಿ ಉತ್ತರ. ಈಚಿನ ಪುಟಗಳಲ್ಲಿ ಕೆಂಪು ಅಂಕಿಗಳು ಮೆಟ್ಟಿಲಿಳಿದಿದ್ದವು: 18, 17, 15, 14. ಸ್ಕ್ಯಾನರ್ ಹೇಳಲಾಗದ್ದನ್ನು ಈ ನೋಟ್‌ಬುಕ್ಕು ಹೇಳಿತ್ತು. ಮೇಸ್ತ್ರಿ ಆಯಿಲ್ ನೋಡುವ ಕಡ್ಡಿ ಎಳೆದು ಮೂಗಿಗೆ ಹಿಡಿದ. ಪೆಟ್ರೋಲಿನ ವಾಸನೆ. ಪ್ಲಗ್ ಬಿಚ್ಚಿದರೆ ಎರಡನೆಯದು ಮಾತ್ರ ಮಸಿಗಪ್ಪು. ಕೊಳ್ಳೇಗಾಲದ್ದು ಕುಡಿಯದ ರೋಗ, ಇಲ್ಲಿಯದು ಕುಡಿದು ನಿಲ್ಲಿಸಲಾಗದ ರೋಗ. ಸೂಜಿ ಪೂರ್ತಿ ಕೂರದೆ, ಮುಚ್ಚಿದ ಮೇಲೂ ತೊಟ್ಟಿಕ್ಕುತ್ತಿದೆ. ಹೆಚ್ಚಾದ ಪೆಟ್ರೋಲು ಸಿಲಿಂಡರಿನ ಗೋಡೆಯ ಆಯಿಲ್ ತೊಳೆದು ಕೆಳಗಿಳಿಯುತ್ತಿದೆ. ಇದನ್ನು ಬಿಟ್ಟರೆ ಹೋಗುವುದು ಮೈಲೇಜಲ್ಲ, ಎಂಜಿನ್ನು. ಎಮಿಷನ್ ಟೆಸ್ಟಿನಲ್ಲಿ ಯಾಕೆ ಫೇಲಾಯಿತು ಎಂದು ಮೇಷ್ಟ್ರಿಗೆ ಈಗ ತಿಳಿಯಿತು. 15 ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು; 2022ರ ಏಪ್ರಿಲಿನಲ್ಲಿ ಅದರ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಹಾರಿದ್ದರಿಂದ ಅವರಿಗೆ ಫೇಲಾಗುವುದೆಂದರೆ ತಮಾಷೆಯಾಗಿರಲಿಲ್ಲ.

ಇನ್ನೊಂದನ್ನೂ ಮೇಸ್ತ್ರಿ ತೋರಿಸಿದ. ಇಂಜೆಕ್ಟರಿನ ಕೊರಳಿನ ಓ ರಿಂಗ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಯಳಂದೂರು ಉಂಗುರಗಳಿಗೆ ಹೆಸರಾದ ಊರು. ಗೌರೀಶ್ವರ ದೇವಸ್ಥಾನದ ಬಳೆ ಮಂಟಪದಲ್ಲಿ ಕಲ್ಲನ್ನೇ ಕೊರೆದು ಒಂದರೊಳಗೊಂದು ಸಿಕ್ಕಿಸಿದ ಬಳೆಗಳ ಸರಪಳಿ ಶತಮಾನಗಳಿಂದ ತೂಗುತ್ತಿದೆ. ರಬ್ಬರಿನ ಈ ಉಂಗುರಕ್ಕೆ ಆ ಆಯುಸ್ಸಿಲ್ಲ. ಅದು ಸೋತರೆ 3 ಬಾರ್ ಒತ್ತಡದ ಪೆಟ್ರೋಲು ಸುಡುವ ಎಂಜಿನ್ನಿನ ಮೇಲೆ ಹನಿಯುತ್ತದೆ. ದಾರಿಯಲ್ಲಿ ಹೊತ್ತಿ ಉರಿದ ಹಳೇ ಕಾರುಗಳ ಸುದ್ದಿ ಓದಿದಾಗ ಜನ ಬ್ಯಾಟರಿ, ವೈರಿಂಗ್ ಎನ್ನುತ್ತಾರೆ. ನಾಲ್ಕು ಕಾಸಿನ ಈ ರಬ್ಬರಿನ ಮೇಲೂ ಒಂದು ಕಣ್ಣಿರಲಿ. ಒಮ್ಮೆ ಬಿಚ್ಚಿದ ಮೇಲೆ ಹಳೆಯದನ್ನೇ ಹಾಕುವ ಮೇಸ್ತ್ರಿಯ ಹತ್ತಿರ ಮತ್ತೆ ಹೋಗಬಾರದು.

"ಈಗಿನ ಪೆಟ್ರೋಲಿಗೆ ರಬ್ಬರ್ ತಡೆಯಲ್ಲ ಅಂತಾರಲ್ಲಪ್ಪ, ನಿಜವಾ?" ಎಂದರು ಮೇಷ್ಟ್ರು. ಅರ್ಧ ನಿಜ. ಶೇ 20 ಎಥನಾಲ್ ಬೆರೆಸಿದ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು, ಈಗ ಎಲ್ಲ ಬಂಕಿನಲ್ಲೂ ಅದೇ. ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ ಶಕ್ತಿ, ಹಾಗಾಗಿ ಮೈಲೇಜು ಸ್ವಲ್ಪ ಇಳಿಯುತ್ತದೆ. ಅದು ನೀರನ್ನು ಸೆಳೆಯುತ್ತದೆ. ಟ್ಯಾಂಕಿನ ಹಳೇ ಕೊಳೆಯನ್ನು ಕರಗಿಸಿ ಮುಂದಕ್ಕೆ ಕಳಿಸುತ್ತದೆ. ಹಳೇ ಬಗೆಯ ರಬ್ಬರನ್ನು ಊದಿಸಿ ಬಿರುಕು ಬಿಡಿಸುತ್ತದೆ. ಹಳೇ ಗಾಡಿಗಳಲ್ಲಿ ಕೆಲವು ರಬ್ಬರ್ ಭಾಗ ಬದಲಿಸಬೇಕಾಗಬಹುದು ಎಂದು ಸರ್ಕಾರವೂ ಒಪ್ಪಿದೆ. ಬದಲಿಸುವಾಗ ಎಥನಾಲಿಗೆ ಹೆದರದ ವೈಟಾನ್ ಉಂಗುರ ಕೇಳಿ ಹಾಕಿಸಿದರೆ ಆ ಚಿಂತೆ ಮುಗಿಯಿತು. ಮೇಷ್ಟ್ರ ಮೈಲೇಜು 18ರಿಂದ 14ಕ್ಕೆ ಇಳಿದ ಪಾಪವನ್ನೆಲ್ಲ ಎಥನಾಲಿನ ತಲೆಗೆ ಕಟ್ಟುವುದು ಮಾತ್ರ ಅನ್ಯಾಯ. ಎಥನಾಲು ಬರುವುದು ಎಲ್ಲಿಂದ? ಗ್ಯಾರೇಜಿನ ಮುಂದೆ ಹಾದುಹೋದ ಕಬ್ಬಿನ ಲಾರಿಯನ್ನು ಮೇಸ್ತ್ರಿ ಗಲ್ಲದಿಂದಲೇ ತೋರಿಸಿದ.

ಬದಲಿಸುವುದಾದರೆ ಒಂದೋ ಮೂರೋ? ಇದು ಮೂರೂ ಊರಿನ ಗ್ಯಾರೇಜುಗಳಲ್ಲಿ ಮುಗಿಯದ ಜಗಳ. ಒಂದೇ ಹೊಸದು ಹಾಕಿದರೆ ಅದು ಸುರಿಸುವ ಅಳತೆಗೂ ಹಳೆಯವೆರಡರ ಅಳತೆಗೂ ಹೊಂದದೆ ಸ್ಲೋದಲ್ಲಿ ಸಣ್ಣ ನಡುಕ ಉಳಿಯಬಹುದು. ಮೂರೂ ಹೊಸದು ಹಾಕಿಸಲು ಹಳೇ ಗಾಡಿಯ ಯಜಮಾನನ ಕೈ ಬರುವುದಿಲ್ಲ. ಅಗ್ಗದ ಡೂಪ್ಲಿಕೇಟ್ ಮೂರು ಹಾಕುವುದಕ್ಕಿಂತ, ಕಂಪನಿಯದು ಒಂದು ಹಾಕಿ ಉಳಿದೆರಡನ್ನು ಯಂತ್ರದಲ್ಲಿ ತೊಳೆಸಿ ಅಳತೆ ತಾಳೆ ನೋಡುವುದು ಮೇಲು ಎಂದು ನನಗನ್ನಿಸುತ್ತದೆ. ಗುಜರಿಯ ಇಂಜೆಕ್ಟರೂ ತಳ್ಳಿಹಾಕುವಂಥದ್ದಲ್ಲ, ಟೆಸ್ಟಿಗೆ ಹಾಕಿದ್ದರೆ. ಕಾಮಗೆರೆಯ ರೇಷ್ಮೆ ಬೆಳೆಗಾರ ಕೊನೆಗೆ ಬದಲಿಸಿದ್ದೂ ಒಂದನ್ನೇ: ಮೈಸೂರಿನಲ್ಲಿ ತೊಳೆದ ಮೇಲೆ ಮೂರನೆಯದು ಬಾಯಿಬಿಟ್ಟಿತಾದರೂ ಗಾಜಿನ ಕೊಳವೆಯಲ್ಲಿ ಉಳಿದೆರಡಕ್ಕಿಂತ ಬಹಳ ಕಮ್ಮಿ ಸುರಿಸಿತ್ತು, ಅದಕ್ಕೆ ಹೊಸದೊಂದು ಬಂತು. ಫಿಲ್ಟರೂ ಹೊಸದು. ನಿಂಬೆಹಣ್ಣನ್ನು ಯಾರೂ ಬಿಚ್ಚಲಿಲ್ಲ.

ಯಳಂದೂರಿನ ಕೆಲಸ ಮುಗಿಯುವಾಗ ಸಂಜೆ ನಾಲ್ಕು. ಉಂಗುರಗಳಿಗೆ ಒಂದೊಂದು ಹನಿ ಆಯಿಲ್ ಸವರಿ, ಒಣಗಿದ್ದನ್ನು ತುರುಕಿದರೆ ಹರಿದೀತು ಎಂದು ಗೊಣಗುತ್ತ, ಮೇಸ್ತ್ರಿ ಮೂರನ್ನೂ ರೈಲಿಗೆ ಕೂರಿಸಿ, ಬೆರಳಲ್ಲಿ ಒಂದೊಂದನ್ನೂ ತಿರುಗಿಸಿ ನೋಡಿದ. ಸಲೀಸಾಗಿ ತಿರುಗಿದರೆ ನೆಟ್ಟಗೆ ಕೂತಿದೆ ಎಂದರ್ಥ. ಬೋಲ್ಟು, ಕಪ್ಲರು, ರಿಲೇ, ಬ್ಯಾಟರಿ. ಸ್ಟಾರ್ಟ್ ಮಾಡಲಿಲ್ಲ. ಕೀ ಮಾತ್ರ ಆನ್ ಮಾಡಿಸಿದ. ಹಿಂದೆ ಟ್ಯಾಂಕಿನಲ್ಲಿ ಪಂಪು ಒಂದೆರಡು ಕ್ಷಣ ಗುಂಯ್ ಎಂದು ಸುಮ್ಮನಾಯಿತು. ಎರಡು ಮೂರು ಸಲ ಹಾಗೆ ಮಾಡಿಸಿ, ಟಾರ್ಚು ಹಿಡಿದು ಪ್ರತಿ ಉಂಗುರದ ಸುತ್ತ ಒಣ ಬೆರಳಾಡಿಸಿದ. ತೇವವಿಲ್ಲ. ಆಯಿಲನ್ನೂ ಬದಲಿಸಿಯಾಗಿತ್ತು, ಪೆಟ್ರೋಲು ಬೆರೆತದ್ದನ್ನು ಬಿಡುವಂತಿಲ್ಲ. "ಈಗ ಹೊಡೀರಿ ಮೇಷ್ಟ್ರೆ."

ಒಂದೇ ಸೆಲ್ಫಿಗೆ ಹಿಡಿಯಿತು. ಮೇಷ್ಟ್ರು ಒಂದು ರೌಂಡು ಗುಂಬಳ್ಳಿಯವರೆಗೆ ಹೋಗಿ ಬಂದರು. ಮುಖದಲ್ಲಿ ಸಂತೋಷ, ಕೈಯಲ್ಲಿ ಆಗಲೇ ನೋಟ್‌ಬುಕ್ಕು.

"ಐನೂರು ಕಿಲೋಮೀಟ್ರು ಓಡ್ಸಿ, ಪ್ಲಗ್ ಬಿಚ್ಚಿ ಬಣ್ಣ ನೋಡಮ, ಬನ್ನಿ" ಎಂದ ಮೇಸ್ತ್ರಿ.

"ಐನೂರಾ? ನನಗೆ ಅದು ಯುಗಾದಿ ತನಕ ಆಗುತ್ತಪ್ಪ."

"ಅದೇ ಕನಿ ನಿಮ್ಮ ಕಾಯ್ಲೆ. ವಾರಕ್ಕೊಂದಪ ಸಂತೆಮರಹಳ್ಳಿಗಾದ್ರೂ ಹೋಗಿ."

"ಸಂತೆಮರಹಳ್ಳೀಲಿ ನನಗೇನಪ್ಪ ಕೆಲಸ? ಯಾತಕ್ಕೆ ಹೋಗಲಿ?"

"ವಾಪಸ್ ಬರಾಕೆ."